ಸ್ವಂತ ಕಾರನ್ನು ಟ್ರ್ಯಾಕಿಗೆ ಇಳಿಸಬೇಕಾ? ಒಂದು ಸ್ವಿಫ್ಟಿನ ಪ್ರಕರಣ

ಕಾರು 2018ರ ಸ್ವಿಫ್ಟ್. ಪೆಟ್ರೋಲ್, ಮ್ಯಾನ್ಯುಯಲ್ ಗೇರು, ಓಡಿದ್ದು 62,000 ಕಿಲೋಮೀಟರ್. ಸಾಲ ತೀರಿ ಒಂದೂವರೆ ವರ್ಷ ಆಗಿತ್ತು. ಮನೆಗೆ ಇರುವುದು ಇದೊಂದೇ ಕಾರು, ಜೊತೆಗೆ ಹೆಂಡತಿಯ ಸ್ಕೂಟರ್. ಇದನ್ನು ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಒಯ್ದು ಒಂದು ದಿನ ಮನಸಾರೆ ಓಡಿಸಬೇಕಾ, ಸುಮ್ನೆ ಇರಬೇಕಾ? ತೀರ್ಮಾನಕ್ಕೆ ಬರಲು ಮೂರು ವಾರ ಹಿಡಿಯಿತು. ಅದರಲ್ಲಿ ಮೊದಲ ಎರಡು ವಾರ ತಪ್ಪು ಪ್ರಶ್ನೆ ಕೇಳಿಕೊಂಡೇ ಕಳೆದೆ.

ತಪ್ಪು ಪ್ರಶ್ನೆ ಅಂದರೆ, "ನನ್ನ ಕಾರು ಅಷ್ಟನ್ನೆಲ್ಲ ತಡೆಯುತ್ತಾ?" ಎಲ್ಲರೂ ಮೊದಲು ಕೇಳುವುದು ಇದನ್ನೇ. ತಡೆಯುತ್ತದೆ. ಕೂಲೆಂಟ್, ಆಯಿಲ್ ಸರಿ ಇರುವ ಸಾಮಾನ್ಯ ಕಾರಿನ ಇಂಜಿನ್ ಇಪ್ಪತ್ತು ನಿಮಿಷದ ಓಟಕ್ಕೆ ಸಾಯುವುದಿಲ್ಲ. ನಾನು ಕೇಳಬೇಕಾಗಿದ್ದದ್ದು ಬೇರೆ ಎರಡು. ಅಲ್ಲಿ ಕಾರು ಪೆಟ್ಟು ತಿಂದರೆ ನನ್ನ ಸೋಮವಾರ ಬೆಳಿಗ್ಗೆ ಹೇಗಿರುತ್ತದೆ? ಪೆಟ್ಟು ತಿನ್ನದೇ ಇದ್ದರೂ, ಇಡೀ ದಿನ ಹಿಂಡಿಸಿಕೊಂಡ ಅದೇ ಬ್ರೇಕು, ಅದೇ ಟಯರು ನಂಬಿಕೊಂಡು ರಾತ್ರಿ 300 ಕಿಲೋಮೀಟರ್ ವಾಪಸ್ ಬರಬಹುದಾ? ಬೆಂಗಳೂರಿನಿಂದ ಹೋಗುವ ನಮ್ಮಂಥವರಿಗೆ ಈ ಎರಡನೆಯದು ಮೊದಲನೆಯದಕ್ಕಿಂತ ಜಾಸ್ತಿ ಮುಖ್ಯ. ಯಾಕೋ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ದುಡ್ಡು ಕಟ್ಟಿ, ನಿಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ ಅದು. ಬಹುಮಾನ ಇಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಹೊಸಬರು, ಪಳಗಿದವರು ಅಂತ ಗುಂಪು ಮಾಡಿ ಸರದಿಯಲ್ಲಿ ಬಿಡುತ್ತಾರೆ. ಎದುರಿನಿಂದ ಬಸ್ ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ, ಹಂಪ್ ಇಲ್ಲ. ಬೆಳಗಿನ ಜಾವ ಏರ್‌ಪೋರ್ಟ್ ರಸ್ತೆಯಲ್ಲಿ ಕಾರು ಕಿತ್ತು ಓಡಿಸಿ ಪೌರುಷ ತೋರಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಹಾಲು ತರಲು ಹೊರಟವನಿಗೆ ಯಮ. ಆಸೆ ಇದ್ದರೆ ತೀರಿಸಿಕೊಳ್ಳಲು ಟ್ರ್ಯಾಕೇ ಸರಿಯಾದ ಜಾಗ. ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಕಡೆಯವರಿಗೆ ಹತ್ತಿರ ಇರುವ ಹೆಸರಾಂತ ಟ್ರ್ಯಾಕುಗಳು ತಮಿಳುನಾಡಿನಲ್ಲಿ. ಒಂದು, ಶ್ರೀಪೆರಂಬುದೂರು ಹತ್ತಿರ ಇರುಂಗಾಟ್ಟುಕೋಟೈನಲ್ಲಿ ಇರುವುದು. 1990ರಲ್ಲಿ ಶುರುವಾದದ್ದು, ಒಂದು ಸುತ್ತು 3.717 ಕಿ.ಮೀ., 12 ತಿರುವು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅನ್ನುತ್ತಾರೆ, ಹಳಬರ ಬಾಯಲ್ಲಿ ಇನ್ನೂ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್, ಚಿಕ್ಕದಾಗಿ ಎಂಎಂಆರ್‌ಟಿ. ಅದಕ್ಕೂ ಮೊದಲು ರೇಸ್ ಎಲ್ಲ ಚೆನ್ನೈ ಹತ್ತಿರದ ಶೋಳಾವರಂನಲ್ಲಿ, ಎರಡನೇ ಮಹಾಯುದ್ಧ ಕಾಲದ ವಿಮಾನದ ರನ್‌ವೇ ಮೇಲೆ. ಇನ್ನೊಂದು, ಕೊಯಮತ್ತೂರು ಪಕ್ಕ ಚೆಟ್ಟಿಪಾಳ್ಯದ ಕರಿ ಸ್ಪೀಡ್‌ವೇ. ಫಾರ್ಮುಲಾ ಮಾರುತಿ ಕಾರು ಕಟ್ಟಿದ ಕರಿವರ್ಧನ್ ಅವರ ನೆನಪಿಗೆ ಆ ಹೆಸರು. ಸುತ್ತು 2.1 ಕಿ.ಮೀ. ಮಾತ್ರ. ನೋಯ್ಡಾ ಕಡೆಯ ಬುದ್ಧ ಸರ್ಕ್ಯೂಟ್ ಇದೆ, 2011ರಿಂದ 2013ರವರೆಗೆ ಫಾರ್ಮುಲಾ ಒನ್ ಓಡಿದ್ದು ಅಲ್ಲೇ, ಆದರೆ ಇಲ್ಲಿಂದ ಸ್ವಿಫ್ಟ್ ಓಡಿಸಿಕೊಂಡು ಹೋಗುವ ದೂರ ಅಲ್ಲ ಅದು. ಮೊದಲ ಸಲಕ್ಕೆ ಕೊಯಮತ್ತೂರಿನದೇ ಮೆತ್ತಗಿನ ಆಯ್ಕೆ, ಟ್ರ್ಯಾಕ್ ಚಿಕ್ಕದು, ವೇಗ ಅಷ್ಟು ಏರುವುದಿಲ್ಲ. ನನ್ನ ರಜೆಗೆ ಹೊಂದಿದ್ದು ಚೆನ್ನೈ. ಹಾಗಾಗಿ ಚೆನ್ನೈ.

ವಿಮೆಯ ಕಾಗದ

ಒಂದು ರಾತ್ರಿ ಊಟ ಆದ ಮೇಲೆ ಪಾಲಿಸಿಯ ಪಿಡಿಎಫ್ ತೆಗೆದು ಕೂತೆ. ಐದು ವರ್ಷ ಪ್ರೀಮಿಯಂ ಕಟ್ಟಿದ್ದೇನೆ, ಒಂದು ಸಲವೂ ಪೂರ್ತಿ ಓದಿರಲಿಲ್ಲ. ನೀವೂ ಓದಿರಲ್ಲ, ಅಲ್ವಾ? ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರುತ್ತದೆ. ಬಾಡಿಗೆಗೆ ಓಡಿಸುವಂತಿಲ್ಲ, ಸರಕು ಸಾಗಿಸುವಂತಿಲ್ಲ ಅಂತ ಶುರುವಾಗಿ, ಆಮೇಲೆ ಸಾಲಾಗಿ ಬರುತ್ತದೆ: ಆಯೋಜಿತ ರೇಸ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್. ಇವಕ್ಕೆ ರಕ್ಷಣೆ ಇಲ್ಲ.

ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ ಅಂತ ವಾದ ಮಾಡಬಹುದು. ನಾನೂ ಮಾಡಿಕೊಂಡೆ, ನನ್ನ ಜೊತೆಗೇ, ಅರ್ಧ ಗಂಟೆ. ಆದರೆ ಹಾನಿ ಅಳೆಯಲು ವಿಮೆಯವರ ಸರ್ವೇಯರ್ ಬಂದು ನೋಡುವುದು ಏನು? ಗೋಡೆಯ ಪಕ್ಕ ಒಂದು ಕಾರು, ಬಾಗಿಲ ಮೇಲೆ ಅಂಟಿಸಿದ ನಂಬರು, ಮಾಲೀಕನ ಕೈಯಲ್ಲಿ ಹೆಲ್ಮೆಟ್. "ಸ್ಪೀಡ್ ಟೆಸ್ಟಿಂಗ್" ಅನ್ನುವ ಆ ಎರಡು ಪದ ಸಾಕು ಅವರಿಗೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ. "ರೇಸ್ ಟ್ರ್ಯಾಕಿನಲ್ಲಿ ಆಕ್ಸಿಡೆಂಟ್ ಆದರೆ ಕ್ಲೇಮ್ ಸಿಗುತ್ತಾ ಮೇಡಂ?" ಆ ಕಡೆಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೇಸ್ ಕೋರ್ಸ್ ರಸ್ತೆನಾ ಸರ್? ಸಿಗುತ್ತೆ ಸರ್" ಅಂದಳು. ಬಿಡಿಸಿ ಹೇಳಿದ ಮೇಲೆ ಹತ್ತು ನಿಮಿಷ ಹೋಲ್ಡ್‌ನಲ್ಲಿ ಇಟ್ಟು, ಸಿಗುವುದಿಲ್ಲ ಅಂದಳು.

ಅದೇ ಪಾಲಿಸಿಯೊಳಗೆ ಮಾಲೀಕ ಚಾಲಕನಿಗೆ ಅಂತ ಇರುವ 15 ಲಕ್ಷದ ಅಪಘಾತ ವಿಮೆಯನ್ನೂ ಆ ದಿನದ ಮಟ್ಟಿಗೆ ನಂಬುವ ಹಾಗಿಲ್ಲ. ಆರೋಗ್ಯ ವಿಮೆಯ ಕಥೆ ಸ್ವಲ್ಪ ಬೇರೆ. ಅದರಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವ ಒಂದು ಸಿದ್ಧ ವಾಕ್ಯ ಇದೆ, ಮೋಟಾರ್ ರೇಸಿಂಗ್ ಹೆಸರೂ ಅದರಲ್ಲಿ ಇದೆ, ಆದರೆ ವೃತ್ತಿಪರನಾಗಿ ಭಾಗವಹಿಸಿದರೆ ಅಂತ ಬರೆದಿದೆ. ನಾನು ಯಾವ ಕಡೆಯಿಂದ ನೋಡಿದರೂ ವೃತ್ತಿಪರ ಅಲ್ಲ. ನಿಮ್ಮ ಪಾಲಿಸಿಯಲ್ಲಿ ಏನಿದೆಯೋ ನೀವೇ ಓದಿ.

ಇದನ್ನು ಹೇಳಿದಾಗ ಪರಿಚಯದ ಒಬ್ಬರು ಒಂದು ಉಪಾಯ ಕೊಟ್ಟರು. ಟ್ರ್ಯಾಕಿನಲ್ಲಿ ಗುದ್ದಿದರೆ ಕಾರನ್ನು ಹೈವೇಗೆ ಎಳೆಸಿಕೊಂಡು ಬಂದು ಅಲ್ಲಿ ಫೋಟೋ ತೆಗೆದು ಕ್ಲೇಮ್ ಮಾಡಿ, ಎಲ್ಲರೂ ಮಾಡುತ್ತಾರೆ ಅಂತ. ಇದು ಉಪಾಯ ಅಲ್ಲ, ಕಳ್ಳತನ. ಮುಂದೆ ಮಾತಾಡಲಿಲ್ಲ.

ಅಲ್ಲಿಗೆ ಲೆಕ್ಕ ನಿಚ್ಚಳ ಆಯಿತು. ಟ್ರ್ಯಾಕಿನ ಗೇಟು ದಾಟಿದ ಮೇಲೆ ನನ್ನ ಕಾರಿಗೆ ವಿಮೆ ಇಲ್ಲ ಅಂತಲೇ ಇಟ್ಟುಕೊಳ್ಳಬೇಕು.

ಕರೆಂಟ್ ಬಿಲ್ಲಿನ ಹಿಂದೆ

ಬೆಸ್ಕಾಂ ಬಿಲ್ಲಿನ ಹಿಂಭಾಗದಲ್ಲಿ ಬರೆದೆ. ಪಾಲಿಸಿಯಲ್ಲಿ ಕಾರಿನ ಬೆಲೆ 3.9 ಲಕ್ಷ ಅಂತ ಇತ್ತು. ಸಣ್ಣ ಪೆಟ್ಟು, ಅಂದರೆ ಬಂಪರ್, ಒಂದು ಲೈಟು, ರೇಡಿಯೇಟರ್, ಬಾನೆಟ್: ಸುಮಾರು 80 ಸಾವಿರ. ಇದನ್ನು ನಾನು ತಡೆದುಕೊಳ್ಳಬಲ್ಲೆ. ಅಳುತ್ತೇನೆ, ಆದರೆ ತಡೆದುಕೊಳ್ಳುತ್ತೇನೆ. ಇನ್ನು ಕಾರು ಪೂರ್ತಿ ಹೋದರೆ? ಅದನ್ನು ತಡೆದುಕೊಳ್ಳಲಾರೆ. ಇಲ್ಲಿ ನನಗೆ ನಾನೇ ಸುಳ್ಳು ಹೇಳಿಕೊಳ್ಳಬಹುದಿತ್ತು, ಹಾಗೆಲ್ಲ ಆಗಲ್ಲ ಬಿಡು ಅಂತ. ಹೆಂಡತಿ ಬಿಲ್ಲನ್ನು ತಿರುಗಿಸಿ ನೋಡಿ ಒಂದೇ ಮಾತು ಕೇಳಿದಳು. "ಸೋಮವಾರ ಅಪ್ಪನ ಕಣ್ಣಿನ ಆಪರೇಷನ್ ಚೆಕಪ್‌ಗೆ ಹಾಸನಕ್ಕೆ ಹೋಗಬೇಕು. ಸ್ಕೂಟರ್‌ನಲ್ಲಿ ಹೋಗೋಣವಾ?"

ಪ್ರಶ್ನೆ ಕೇಳಿದ್ದು ತಮಾಷೆಗೆ ಅಲ್ಲ. ಅಷ್ಟರಲ್ಲಿ ಆಫೀಸಿನ ಗೆಳೆಯ ಒಬ್ಬ ಇದೇ ಟ್ರ್ಯಾಕ್ ಡೇಗೆ ಬರುತ್ತೇನೆ ಅಂದಿದ್ದವನು ಹಿಂದೆ ಸರಿದ. ಅವನದು ಪೋಲೋ ಜಿಟಿ ಟಿಎಸ್‌ಐ, ನನ್ನದಕ್ಕಿಂತ ಎಷ್ಟೋ ಜೋರಿನ ಕಾರು, ಆದರೆ ಇನ್ನೂ ಎರಡು ವರ್ಷದ ಕಂತು ಬಾಕಿ. "ಗೋಡೆಗೆ ಗುದ್ದಿದ ಕಾರಿಗೆ ಎರಡು ವರ್ಷ ಇಎಂಐ ಕಟ್ಟೋ ಕರ್ಮ ಯಾಕೆ ಮಾರಾಯ" ಅಂದ. ಅವನ ತೀರ್ಮಾನ ಸರಿ. ಬ್ಯಾಂಕಿನ ಕಾರನ್ನು ವಿಮೆ ಇಲ್ಲದ ಜಾಗಕ್ಕೆ ಒಯ್ಯಬಾರದು, ಅಷ್ಟೇ.

ನನಗೆ ಇನ್ನೆರಡು ದಾರಿ ಇತ್ತು. ಒಂದು, ಅಲ್ಲೇ ಸಿಗುವ ತರಬೇತಿ ಕಾರನ್ನು ಬಾಡಿಗೆಗೆ ತೆಗೆದುಕೊಳ್ಳುವುದು. ಮಗುಚಿದರೂ ಒಳಗಿನವರನ್ನು ಕಾಯುವ ಕಬ್ಬಿಣದ ಗೂಡು, ಅಂದರೆ ರೋಲ್ ಕೇಜ್, ಮೈಯನ್ನು ಬಿಗಿಯಾಗಿ ಹಿಡಿಯುವ ಬಕೆಟ್ ಸೀಟು, ಪಕ್ಕದಲ್ಲಿ ಕಲಿಸುವವರು. ಕೇಳಿದ್ದು 45 ಸಾವಿರ, ಕಾರಿಗೆ ಹಾನಿ ಮಾಡಿದರೆ ಇಂತಿಷ್ಟಕ್ಕಿಂತ ಮೇಲೆ ಕೊಡಬೇಕಾಗಿಲ್ಲ ಅಂತ ಮಿತಿ. ಎರಡು, ಬೆಂಗಳೂರಿನಲ್ಲೇ ಗೋ ಕಾರ್ಟಿಂಗ್, ಅಂದರೆ ಚಿಕ್ಕ ಟ್ರ್ಯಾಕಿನಲ್ಲಿ ಪುಟ್ಟ ತೆರೆದ ಗಾಡಿ ಓಡಿಸುವುದು. ಕಾರ್ಟಿಂಗ್ ಬಗ್ಗೆ ನಗಬೇಡಿ, ಬ್ರೇಕ್ ಎಲ್ಲಿ ಒತ್ತಬೇಕು, ತಿರುವಿನ ಒಳಮೂಲೆ ಎಲ್ಲಿ ಮುಟ್ಟಬೇಕು ಅನ್ನುವುದು ಅಲ್ಲಿ ಕಲಿತಷ್ಟು ಅಗ್ಗವಾಗಿ ಬೇರೆ ಎಲ್ಲೂ ಕಲಿಯಲು ಆಗುವುದಿಲ್ಲ. ಆದರೆ ನನಗೆ ಬೇಕಾಗಿದ್ದು ನನ್ನ ಕಾರು. ದಿನಾ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎರಡನೇ ಗೇರಿನಲ್ಲಿ ತೆವಳುವ ಈ ಗಾಡಿ ಕೊನೆಗೆ ಏನು ಮಾಡಬಲ್ಲದು ಅಂತ ನೋಡಬೇಕಿತ್ತು. ಇದು ಬುದ್ಧಿವಂತರ ಕಾರಣ ಅಲ್ಲ, ಆಸೆ. ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಕೊನೆಗೆ ಹೀಗೆ ಇತ್ಯರ್ಥ ಮಾಡಿದೆವು. ಚೆಕಪ್ ಆದ ಮೇಲಿನ ವಾರ ಇರುವ ಟ್ರ್ಯಾಕ್ ಡೇಗೆ ಹೆಸರು ಕೊಡುವುದು. 80 ಸಾವಿರ ಬೇರೆ ಖಾತೆಗೆ ಹಾಕಿ ಮರೆತುಬಿಡುವುದು. ಕಾರು ಪೂರ್ತಿ ಹೋಗುವಂಥ ಜಾಗ ಟ್ರ್ಯಾಕಿನಲ್ಲಿ ಯಾವುದೋ, ಅಂದರೆ ವೇಗ ಜಾಸ್ತಿ ಇದ್ದು ಪಕ್ಕದ ಖಾಲಿ ಜಾಗ ಕಮ್ಮಿ ಇರುವ ತಿರುವುಗಳು, ಅಲ್ಲಿ ನನ್ನ ಕೈಲಾದದ್ದರ ಮುಕ್ಕಾಲು ಪಾಲಿನಲ್ಲಿ ಮಾತ್ರ ಹೋಗುವುದು, ಯಾರು ಹಿಂದಿಕ್ಕಿದರೂ ಸರಿ. ಮತ್ತೆ ಹೆಂಡತಿಯ ಷರತ್ತು ಒಂದು: ಸಂಜೆಯ ಕೊನೆಯ ಸರದಿಗೆ ಇಳಿಯಬಾರದು. ಅವಳಿಗೆ ಟ್ರ್ಯಾಕಿನ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಕೊನೇ ಬಾಲ್‌ಗೆ ಸಿಕ್ಸ್ ಹೊಡೆಯಲು ಹೋಗಿ ಔಟ್ ಆಗುವ ಗಂಡನ ಬಗ್ಗೆ ಗೊತ್ತು.

ಬ್ರೇಕಿನ ಎಣ್ಣೆ

ಗಾಡಿ ತಯಾರಿಯಲ್ಲಿ ಜನ ಟಯರು, ಆಯಿಲು ಅಂತ ಓಡಾಡುತ್ತಾರೆ. ಅವೂ ಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ ನೋಡಿ, ನನ್ನದರಲ್ಲಿ 3821 ಅಂತ ಇತ್ತು, ಅಂದರೆ 2021ರ 38ನೇ ವಾರದಲ್ಲಿ ತಯಾರಾದದ್ದು. ಬಿರುಕು ಇರಲಿಲ್ಲ, ಸಾಕು ಅಂದುಕೊಂಡೆ. ಇಂಜಿನ್ ಆಯಿಲ್ ಮೇಲಿನ ಗೆರೆಯವರೆಗೂ ತುಂಬಿಸಿದೆ, ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಜಾರುತ್ತದೆ, ಕಮ್ಮಿ ಇದ್ದರೆ ಪಂಪಿಗೆ ಸಿಗುವುದಿಲ್ಲ. ಆದರೆ ಸಾಮಾನ್ಯ ಕಾರನ್ನು ಟ್ರ್ಯಾಕಿನಲ್ಲಿ ಮೊದಲು ಸೋಲಿಸುವುದು ಬ್ರೇಕು.

ಸ್ವಲ್ಪ ಲೆಕ್ಕ ಹಾಕಿ. ನನ್ನನ್ನೂ ಪೆಟ್ರೋಲನ್ನೂ ಸೇರಿಸಿ ಕಾರಿನ ತೂಕ 960 ಕಿಲೋ ಹತ್ತಿರ. ನೇರ ದಾರಿಯ ಕೊನೆಯಲ್ಲಿ 140ರಲ್ಲಿ ಬಂದು 70ಕ್ಕೆ ಇಳಿಸಿದರೆ, ಆ ನಾಲ್ಕೈದು ಸೆಕೆಂಡಿನಲ್ಲಿ ಹುಟ್ಟುವ ಶಾಖದಲ್ಲಿ ಒಂದೂವರೆ ಲೀಟರ್ ತಣ್ಣೀರು ಕುದಿ ಬರಿಸಬಹುದು. ಹೆಚ್ಚುಕಮ್ಮಿ ಎಲ್ಲ ಹೋಗುವುದು ನಾಲ್ಕು ಚಕ್ರದ ಬ್ರೇಕಿಗೆ, ಅದರಲ್ಲೂ ಬಹುಪಾಲು ಮುಂದಿನ ಎರಡು ಡಿಸ್ಕಿಗೆ. ಹಿಂದೆ ನನ್ನದರಲ್ಲಿ ಡ್ರಮ್ಮು. ಎರಡೂವರೆ ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅದೇ ಜಾಗ, ಮತ್ತೆ ಒಂದೂವರೆ ಲೀಟರ್. ನಡುವೆ ಸಣ್ಣ ಪುಟ್ಟ ಬ್ರೇಕು ಬೇರೆ.

ಬ್ರೇಕ್ ಪೆಡಲಿನಿಂದ ಚಕ್ರದವರೆಗೆ ನಿಮ್ಮ ಕಾಲಿನ ಬಲ ಒಯ್ಯುವುದು ಒಂದು ದ್ರವ, ಬ್ರೇಕ್ ಆಯಿಲ್ ಅನ್ನುತ್ತೇವಲ್ಲ ಅದು. ಆ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಮಳೆಗಾಲದ ಉಪ್ಪಿನ ಹಾಗೆ. ಡಾಟ್ 4 ದರ್ಜೆಯದು ಹೊಸದಾಗಿ ಇದ್ದಾಗ ಕಮ್ಮಿ ಅಂದರೆ 230 ಡಿಗ್ರಿಯವರೆಗೂ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿತೋ, ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಗುಳ್ಳೆ ಬರುತ್ತದೆ, ಗುಳ್ಳೆ ಅದುಮಿದರೆ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಇದಕ್ಕೇ.

ಇಷ್ಟೆಲ್ಲ ಓದಿ ತಿಳಿದುಕೊಂಡವನು ನಾನು. ಹೋಗುವ ನಾಲ್ಕು ದಿನ ಮುಂಚೆ, ವರ್ಷಗಳಿಂದ ಗಾಡಿ ಬಿಡುವ ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ ಅಂತ ಹೇಳಿ ಬಂದೆ. ಸಂಜೆ ಬಿಲ್ಲಿನಲ್ಲಿ ಒಂದು ಸಾಲು: ಬ್ರೇಕ್ ಆಯಿಲ್ ಚೇಂಜ್, 850 ರೂಪಾಯಿ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ನೋಡಿದೆ. ಹೊಂಬಣ್ಣ, ಪಾರದರ್ಶಕ. ಖುಷಿ ಆಯಿತು.

ಆ ದಿನ

ಹಿಂದಿನ ದಿನ ಮಧ್ಯಾಹ್ನ ಹೊರಟು, ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬುದೂರಿನಲ್ಲಿ ಉಳಿದೆ. ಬೆಳಿಗ್ಗೆ ಆರೂವರೆಗೆ ಗೇಟಿನಲ್ಲಿ. ಏನಾದರೂ ಆದರೆ ನನ್ನದೇ ಹೊಣೆ ಅಂತ ಸಹಿ ಹಾಕುವ ಕಾಗದ. ಆಮೇಲೆ ತಪಾಸಣೆ. ಕಾರಿನಲ್ಲಿ ಅಲುಗಾಡುವ ವಸ್ತು ಏನೂ ಇರಬಾರದು. ಸ್ಟೆಪ್ನಿ, ಜಾಕು, ನೀರಿನ ಬಾಟಲಿ, ಕಾಲಡಿಯ ಮ್ಯಾಟು, ಮಗಳ ಒಂದು ಸಾಕ್ಸು, ಎಲ್ಲ ಹೊರಗೆ. ತಪಾಸಣೆ ಮಾಡುವವರು ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ನೋಡಿದರು, ನನ್ನ ಮುಖ ನೋಡಿದರು. "ಇವರೂ ಇಳೀಬೇಕು ಸಾರ್." ಎರಡು ಬದಿಯ ಅಂಟು ಟೇಪು ಕಿತ್ತು, ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟೆ. ಮನಸ್ಸಿಗೆ ಸ್ವಲ್ಪ ಹಿಂಜರಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ವಿಮೆ ಹೋಯಿತು, ಈಗ ಇವರೂ.

ಬಾವುಟಗಳ ಪಾಠ ಆಯಿತು. ಹಳದಿ ಕಂಡರೆ ಮುಂದೆ ಅಪಾಯ, ಹಿಂದಿಕ್ಕಬಾರದು. ಕೆಂಪು ಕಂಡರೆ ನಿಧಾನವಾಗಿ ಎಲ್ಲರೂ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್‌ಗೆ. ನೀಲಿ ಕಂಡರೆ ಹಿಂದೆ ವೇಗದವರು ಇದ್ದಾರೆ, ದಾರಿ ಬಿಡಿ. ನನಗೆ ಅವತ್ತು ಜಾಸ್ತಿ ಕಂಡದ್ದು ನೀಲಿ.

ಮೊದಲ ಸರದಿ ಹಬ್ಬ. ಅಷ್ಟು ಅಗಲದ ರಸ್ತೆಯಲ್ಲಿ ಒಂದೂ ಗುಂಡಿ ಇಲ್ಲ ಅನ್ನುವುದೇ ಬೆಂಗಳೂರಿನವನಿಗೆ ಅರ್ಧ ಸಂತೋಷ. ಸ್ವಿಫ್ಟು ಹಗುರ, ತಿರುವಿನಲ್ಲಿ ಹಿಂಭಾಗ ಸ್ವಲ್ಪ ಎದ್ದ ಹಾಗೆ ಆದರೂ ಕೂಡಲೇ ಮಾತು ಕೇಳುತ್ತದೆ. ಎರಡು ನಿಮಿಷ ಮೂವತ್ತೈದು ಸೆಕೆಂಡಿಗೆ ಒಂದು ಸುತ್ತು, ಅಂದರೆ ಸರಾಸರಿ 86 ಕಿ.ಮೀ. ಕೇಳಲು ಏನೂ ಅಲ್ಲ. ಒಳಗೆ ಕೂತವನಿಗೆ ಗಂಟಲು ಒಣಗುತ್ತದೆ.

ಎರಡನೇ ಸರದಿಯ ನಾಲ್ಕನೇ ಸುತ್ತು. ನೇರ ದಾರಿಯ ಕೊನೆ, ಅದೇ ಜಾಗದಲ್ಲಿ ಬ್ರೇಕ್ ಒತ್ತಿದೆ. ಹಿಂದಿನ ಸುತ್ತಿನಲ್ಲಿ ಕಲ್ಲಿನ ಹಾಗೆ ಇದ್ದ ಪೆಡಲು ಈಗ ನೆನೆಸಿದ ಅವಲಕ್ಕಿ. ಅರ್ಧ ಇಳಿಯಿತು, ಇನ್ನೂ ಇಳಿಯಿತು. ಬಿಟ್ಟು ಮತ್ತೆ ಒತ್ತಿದೆ, ಸ್ವಲ್ಪ ಸಿಕ್ಕಿತು, ಮೂರನೇ ಸಲ ಇನ್ನೂ ಸ್ವಲ್ಪ, ಗೇರು ಮೂರಕ್ಕೆ ಎಳೆದೆ, ಸ್ಟೀರಿಂಗ್ ತಿರುಗಿಸುವ ಆಸೆ ಬಿಟ್ಟು ನೇರ ಹೋಗಲಿ ಅಂತ ಬಿಟ್ಟೆ, ಎಡಗಡೆಯ ಎರಡು ಚಕ್ರ ಹುಲ್ಲಿಗೆ ಇಳಿದು ಧೂಳು ಎದ್ದಿತು. ಕಾರು ನಿಂತಿತು. ಏನೂ ಆಗಲಿಲ್ಲ. ಮುಕ್ಕಾಲು ಪಾಲಿನ ನಿಯಮ ಇಲ್ಲದಿದ್ದರೆ ಇನ್ನೂ ಇಪ್ಪತ್ತು ಮೀಟರ್ ಮುಂದೆ ಬ್ರೇಕ್ ಒತ್ತಿರುತ್ತಿದ್ದೆ. ಆ ಇಪ್ಪತ್ತು ಮೀಟರ್ ಬಗ್ಗೆ ಈಗಲೂ ರಾತ್ರಿ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಬ್ರೇಕ್ ಮುಟ್ಟದೆ ನಿಧಾನವಾಗಿ ಒಂದು ಸುತ್ತು ಬಂದು, ಸರದಿ ಇಲ್ಲದ ಕಾರುಗಳು ನಿಲ್ಲುವ ಪ್ಯಾಡಕ್‌ನಲ್ಲಿ ನಿಲ್ಲಿಸಿದೆ. ಚಾರ್ಮಾಡಿ ಇಳಿಯುವ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಬರುತ್ತದಲ್ಲ, ಅದೇ ಸುಟ್ಟ ವಾಸನೆ. ಹ್ಯಾಂಡ್‌ಬ್ರೇಕ್ ಹಾಕಬಾರದು, ಕಾದ ಬ್ರೇಕನ್ನು ಹಿಡಿದಿಟ್ಟರೆ ಶಾಖ ಎಲ್ಲ ಒಂದೇ ಕಡೆ ಕೂರುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆ.

ಪಕ್ಕದ ಕಾರಿನ ಜೊತೆ ಬಂದಿದ್ದ ತಮಿಳಿನ ಮೆಕ್ಯಾನಿಕ್ ಒಬ್ಬರು ನೋಡುತ್ತಿದ್ದರು. ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು ಅಂತ ಕೇಳಿದರು. ನಾಲ್ಕು ದಿನ ಆಯಿತು ಅಂದೆ. ಡಬ್ಬಿ ನೋಡಿದರು, ಹೊಂಬಣ್ಣ. ಮುಖ ಗಂಟು ಹಾಕಿಕೊಂಡು, ತಣ್ಣಗಾಗಲಿ ಅಂದರು. ಒಂದು ಗಂಟೆ ಬಿಟ್ಟು ಮುಂದಿನ ಎಡ ಚಕ್ರ ಬಿಚ್ಚಿ, ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರಿನ ಮೇಲಿರುವ ಪುಟ್ಟ ನಿಪ್ಪಲಿಗೆ ಒಂದು ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಖಾಲಿ ನೀರಿನ ಬಾಟಲಿಗೆ ಇಳಿಸಿ, ನನ್ನನ್ನು ಒಳಗೆ ಕೂರಿಸಿದರು. "ಅಮುಕ್ಕು" ಅಂದರು. ಅಮುಕಿದೆ, ಭಾಷೆಯ ತೊಂದರೆಯೇ ಬರಲಿಲ್ಲ. ಅಮುಕಿ ಹಿಡಿದಿರುವಾಗ ಅವರು ಸ್ಪ್ಯಾನರ್ ಕಾಲು ಸುತ್ತು ತಿರುಗಿಸುವುದು, ಪೆಡಲು ನೆಲಕ್ಕೆ ಹೋಗುವುದು, ಅವರು ಮುಚ್ಚುವುದು, ಆಮೇಲೆ "ವಿಡು."

ಮೊದಲ ಸಲಕ್ಕೇ ಬಾಟಲಿಗೆ ಬಂದದ್ದು ಕಷಾಯ. ಕಡು ಕಂದು, ತಳದಲ್ಲಿ ಮಸಿ ಮಸಿ, ನಡುವೆ ಗುಳ್ಳೆ. ಇನ್ನೊಂದು ಸಲ, ಕಷಾಯ. ಇನ್ನೊಂದು ಸಲ, ಕಷಾಯ. ಹನ್ನೆರಡು ಹದಿಮೂರು ಸಲ ಆದ ಮೇಲೆ ಹೊಂಬಣ್ಣ ಕಾಣಿಸಿತು. ಗ್ಯಾರೇಜಿನಲ್ಲಿ ಮಾಡಿದ್ದು ಇಷ್ಟೇ: ಮೇಲಿನ ಡಬ್ಬಿಯಲ್ಲಿ ಇದ್ದದ್ದನ್ನು ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿದ್ದು. ಪೈಪಿನೊಳಗೆ, ಕ್ಯಾಲಿಪರಿನೊಳಗೆ, ಅಂದರೆ ಬಿಸಿ ಆಗುವ ಜಾಗದಲ್ಲೇ, ಎಷ್ಟು ವರ್ಷದ ಹಳೆಯದೋ ಹಾಗೇ ಕೂತಿತ್ತು. ನಾನು ನೋಡಿ ಖುಷಿ ಪಟ್ಟದ್ದು ಬಾಗಿಲಿನ ರಂಗೋಲಿ.

ಬಲ ಚಕ್ರಕ್ಕೂ ಅದೇ ಮಾಡಿದರು, ಡಬ್ಬಿ ಖಾಲಿ ಆಗದ ಹಾಗೆ ನಡುನಡುವೆ ಅವರದೇ ಒಂದು ಬಾಟಲಿಯಿಂದ ತುಂಬಿಸುತ್ತಾ. ಎಷ್ಟು ಕೊಡಲಿ ಅಂದರೆ ಕಾಫಿ ಸಾಕು ಅಂದರು. ಆಯಿಲಿನ ದುಡ್ಡು ಬಲವಂತವಾಗಿ ಜೇಬಿಗೆ ತುರುಕಿದೆ. ಪೆಡಲು ಮತ್ತೆ ಗಟ್ಟಿ. ಮಧ್ಯಾಹ್ನ ಎರಡು ಸರದಿ ಓಡಿಸಿದೆ, ಮೂರು ಸುತ್ತು ಬಿಸಿ, ಒಂದು ಸುತ್ತು ತಣ್ಣಗೆ, ಹೀಗೆ. ಒಟ್ಟು 22 ಸುತ್ತು, ಸುಮಾರು 82 ಕಿಲೋಮೀಟರ್. ನಾಲ್ಕೂವರೆಗೆ ಕೊನೆಯ ಸರದಿಗೆ ಕರೆದರು. ಕೈಕಾಲು ಎಲ್ಲ ಹೋಗು ಅನ್ನುತ್ತಿದ್ದವು. ಗಣಪತಿಯನ್ನು ಮತ್ತೆ ಅಂಟಿಸಿ, ಟಯರಿನ ಗಾಳಿ ಸರಿ ಮಾಡಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ ಹೊರಟೆ.

ವಾಪಸ್ ದಾರಿಯಲ್ಲಿ ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸಿದಾಗಲೂ ಪೆಡಲು ಒತ್ತಿ ಒತ್ತಿ ನೋಡುತ್ತಿದ್ದೆ. ಕೃಷ್ಣಗಿರಿ ದಾಟಿದ ಮೇಲೆ ಒಂದು ಲಾರಿ ಇಂಡಿಕೇಟರ್ ಇಲ್ಲದೆ ನನ್ನ ಲೇನಿಗೆ ಬಂತು. ಬ್ರೇಕ್ ಹಿಡಿಯಿತು. ಅವತ್ತು ಇಡೀ ದಿನದಲ್ಲಿ ನಿಜವಾದ ಅಪಾಯ ಎದುರಾದದ್ದು ಅಲ್ಲಿ, ಹೆಲ್ಮೆಟ್ ಇಲ್ಲದೆ, 85ರಲ್ಲಿ.

ಖರ್ಚು, ಮತ್ತೆ ಗ್ಯಾರೇಜು

ಫೀಸು 14,000. ಪೆಟ್ರೋಲ್ 5,400, ರಸ್ತೆಯಲ್ಲಿ ಲೀಟರಿಗೆ 16 ಕೊಡುವ ಕಾರು ಟ್ರ್ಯಾಕಿನಲ್ಲಿ 6 ಕೊಟ್ಟಿತು. ಮುಂದಿನ ಎರಡು ಟಯರಿನ ಅಂಚು ಸವೆದು ಹೋಗಿ ಬದಲಾಯಿಸಬೇಕಾಯಿತು, 11,000. ಬ್ರೇಕ್ ಪ್ಯಾಡು 2,400. ಲಾಡ್ಜು, ಟೋಲು, ಊಟ, ಆಯಿಲು ಎಲ್ಲ ಸೇರಿ 37 ಸಾವಿರದ ಮೇಲೆ. ಒಂದು ಸುತ್ತಿಗೆ 1,700 ರೂಪಾಯಿ ಬಿತ್ತು. ಬಾಡಿಗೆ ಕಾರಿಗೆ 45 ಸಾವಿರವಾ ಅಂತ ಬಾಯಿ ಬಿಟ್ಟಿದ್ದೆನಲ್ಲ, ವ್ಯತ್ಯಾಸ ಎಂಟು ಸಾವಿರ ಕೂಡ ಇಲ್ಲ. ಅದರಲ್ಲಿ ರೋಲ್ ಕೇಜ್ ಇದೆ, ಕಲಿಸುವವರು ಇದ್ದಾರೆ, ಗುದ್ದಿದರೆ ಇಷ್ಟೇ ಅಂತ ಮಿತಿ ಇದೆ, ಸೋಮವಾರಕ್ಕೆ ನನ್ನ ಕಾರು ಮನೆಯಲ್ಲಿ ಇರುತ್ತದೆ.

ಪೋಲೋ ಗೆಳೆಯ ಕೇಳಿದ, ಕಂತು ಮುಗಿದ ಮೇಲೆ ನಾನೂ ಒಯ್ಯಲಾ ಅಂತ. ಮೊದಲ ಸಲ ಬಾಡಿಗೆ ಕಾರಿನಲ್ಲಿ ಓಡಿಸು ಅಂದೆ. ಎರಡನೇ ಸಲಕ್ಕೆ ನಿನ್ನದು ಬೇಕೇ ಬೇಕು ಅನಿಸಿದರೆ, ಮನೆಯಲ್ಲಿ ಇನ್ನೊಂದು ಕಾರು ಇದ್ದರೆ, ಆಗ. "ನೀನು ಮಾತ್ರ ಮೊದಲ ಸಲವೇ ಒಯ್ದೆಯಲ್ಲ" ಅಂದ. ಒಯ್ದೆ. ಮತ್ತೆ ಕೇಳಿದರೆ ಅವತ್ತಿನ ಆ ಮೊದಲ ಸರದಿಯನ್ನು ಬಿಟ್ಟುಕೊಡಲು ಈಗಲೂ ಮನಸ್ಸಿಲ್ಲ. ಆದರೆ ಮುಂದಿನ ವರ್ಷಕ್ಕೆ ಹೆಸರು ಕೊಟ್ಟಿರುವುದು ಬಾಡಿಗೆ ಕಾರಿಗೇ.

ಆ ನೀರಿನ ಬಾಟಲಿಯನ್ನು, ಕಷಾಯ ಸಮೇತ, ಮನೆಗೆ ತಂದಿದ್ದೆ. ಶನಿವಾರ ಗ್ಯಾರೇಜಿಗೆ ಒಯ್ದು ಮೇಜಿನ ಮೇಲೆ ಇಟ್ಟೆ, ಪಕ್ಕದಲ್ಲಿ 850 ರೂಪಾಯಿಯ ಬಿಲ್ಲು. ಅವರು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಜಗಳಕ್ಕೆ ತಯಾರಾಗಿ ಹೋಗಿದ್ದೆ, ಅವರು ಜಗಳಕ್ಕೇ ಬರಲಿಲ್ಲ. "ಎಲ್ಲಾ ಗಾಡಿಗೂ ಹೀಗೇ ಮಾಡೋದು ಸರ್. ಯಾರೂ ಕೇಳಿಲ್ಲ."

ಎಲ್ಲಾ ಗಾಡಿ ಅಂದರೆ, ವಾರಾಂತ್ಯಕ್ಕೆ ಸಂಸಾರ ತುಂಬಿಕೊಂಡು ಶಿರಾಡಿ, ಚಾರ್ಮಾಡಿ ಇಳಿಯುವ ಗಾಡಿಗಳೂ ಸೇರಿ. ಹಿಂದಿನ ಎರಡು ಚಕ್ರದ್ದು ಇನ್ನೂ ಬಾಕಿ ಇತ್ತು. ಈಗಲೇ ಬಿಚ್ಚಿ ಅಂದೆ. ಹುಡುಗ ಸ್ಪ್ಯಾನರ್ ತಂದ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಪೈಪಿನಲ್ಲಿ ಬಣ್ಣ ತಿಳಿಯಾಗುವವರೆಗೂ ಕಣ್ಣು ಮಿಟುಕಿಸದೆ ನೋಡಿದೆ. ಎಡದ್ದು ಒಂಬತ್ತು ಸಲ, ಬಲದ್ದು ಹನ್ನೊಂದು.